ಉಪ್ಪು, ಕೆಸರು, ತುಕ್ಕು: ನಿಮ್ಮ ಪ್ರಶ್ನೆ, ಗ್ಯಾರೇಜಿನ ಉತ್ತರ

ಈ ಸಲದ ಅಂಚೆಯಲ್ಲಿ ತುಕ್ಕಿನ ಪ್ರಶ್ನೆಗಳೇ ಜಾಸ್ತಿ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷವೂ ಹೀಗೆಯೇ. ಜೂನ್‌ನಿಂದ ಸೆಪ್ಟೆಂಬರ್ ತನಕ ತಗಡಿನ ಒಳಗೆ ಸದ್ದಿಲ್ಲದೆ ನಡೆದದ್ದು ಅಕ್ಟೋಬರ್ ಬಿಸಿಲಿಗೆ ಬಣ್ಣದ ಗುಳ್ಳೆಯಾಗಿ ಎದ್ದು ಕಾಣುತ್ತದೆ. ಮಂಗಳೂರಿನಲ್ಲಿ ನನ್ನದು ಟಿಂಕರಿಂಗ್ ಮತ್ತು ಪೈಂಟಿಂಗ್ ಗ್ಯಾರೇಜ್. ತಂದೆಯವರು ಶುರು ಮಾಡಿದ್ದು. ಎಂಜಿನ್ನಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಸಲ ಬರೀ ತಗಡಿನ ವಿಷಯ ಮಾತಾಡೋಣ. ಪತ್ರಗಳನ್ನು ಸ್ವಲ್ಪ ಚಿಕ್ಕದು ಮಾಡಿದ್ದೇನೆ.

ಪ್ರಶ್ನೆ: ನಮ್ಮ ಮನೆ ಕಡಲಿಗೆ ತುಂಬಾ ಹತ್ತಿರ. ಕಾರಿಗೆ ಐದು ವರ್ಷ. ವಾರಕ್ಕೆ ಎರಡು ಮೂರು ಸಲ ಮನೆಯ ಬಾವಿ ನೀರಿನಲ್ಲಿ ತೊಳೆದು, ಕೂಡಲೇ ಕವರ್ ಹಾಕಿ ಇಡುತ್ತೇನೆ. ಆದರೂ ಹಿಂದಿನ ಎರಡೂ ಬಾಗಿಲುಗಳ ಕೆಳಗೆ ಬಣ್ಣ ಗುಳ್ಳೆ ಎದ್ದಿದೆ. ಇಷ್ಟು ಜೋಪಾನ ಮಾಡಿದರೂ ಯಾಕೆ ಹೀಗೆ? ಪುಟ್ಟಿ ಹಾಕಿ ಬಣ್ಣ ಹೊಡೆದರೆ ಸಾಕು ಅನ್ನುತ್ತಾರೆ ಇಲ್ಲಿಯವರು. ಸಾಕಾ?
— ಓದುಗರೊಬ್ಬರು, ಮಲ್ಪೆ

ಉತ್ತರ: ಸಾಕಾಗುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಕಾರಣ ನಿಮ್ಮ ಪತ್ರದಲ್ಲೇ ಇದೆ: ಬಾವಿ ನೀರು, ಮತ್ತೆ ಆ ಕವರ್.

ಕಡಲ ಬದಿಯ ಬಾವಿಗಳಲ್ಲಿ ಮಾರ್ಚ್ ಕಳೆದ ಮೇಲೆ ಸಿಹಿ ನೀರಿನ ಮಟ್ಟ ಇಳಿಯುತ್ತದೆ, ಉಪ್ಪು ನೀರು ಒಳಗೆ ನುಗ್ಗುತ್ತದೆ. ಕುಡಿಯುವಾಗ ಗೊತ್ತಾಗುವಷ್ಟು ಉಪ್ಪು ಇರಲೇಬೇಕು ಅಂತೇನೂ ಇಲ್ಲ. ಒಂದು ಸ್ಟೀಲ್ ತಟ್ಟೆಗೆ ಆ ನೀರು ಹಾಕಿ ಬಿಸಿಲಿನಲ್ಲಿ ಒಣಗಿಸಿ ನೋಡಿ. ಬಿಳಿ ಪುಡಿ ಚೆನ್ನಾಗಿ ಉಳಿದರೆ, ಬೇಸಿಗೆಯಲ್ಲಿ ನೀವು ಕಾರಿಗೆ ವಾರಕ್ಕೆ ಮೂರು ಸಲ ಉಪ್ಪು ಬಳಿಯುತ್ತಿದ್ದೀರಿ ಅಂತಲೇ ಅರ್ಥ. ಆ ತಿಂಗಳುಗಳಲ್ಲಿ ತೊಳೆಯುವುದನ್ನು ಕಮ್ಮಿ ಮಾಡಿ. ತೊಳೆದರೆ ಕೊನೆಯ ಒಂದು ಬಕೆಟ್ ಆದರೂ ನಲ್ಲಿಯ ಸಿಹಿ ನೀರು ಇರಲಿ.

ಉಪ್ಪಿನ ಗುಣವನ್ನು ಇಲ್ಲಿ ಸ್ವಲ್ಪ ತಿಳಿದುಕೊಳ್ಳಬೇಕು. ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಬೇಕು, ಗಾಳಿಯ ಆಮ್ಲಜನಕ ಬೇಕು. ಉಪ್ಪು ಬೇಕೇ ಬೇಕು ಅಂತಿಲ್ಲ. ಆದರೆ ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಹಾಗಾಗಿ ತುಕ್ಕಿನ ಕೆಲಸ ಬಹಳ ಬೇಗ ಆಗುತ್ತದೆ. ಇನ್ನೊಂದು ಗುಣ ಇದಕ್ಕಿಂತ ಕೆಟ್ಟದ್ದು. ಗಾಳಿಯ ತೇವ ಶೇ. 75 ದಾಟಿದರೆ ಅಡುಗೆ ಉಪ್ಪು ತಾನಾಗಿಯೇ ನೀರು ಹೀರಿಕೊಂಡು ಕರಗುತ್ತದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ನೀರು ಒಸರುವುದನ್ನು ನೋಡಿದ್ದೀರಲ್ವಾ, ಅದೇ ಕೆಲಸ ನಿಮ್ಮ ಬಾಗಿಲಿನ ಒಳಗೂ ನಡೆಯುತ್ತದೆ. ನಮ್ಮ ಕರಾವಳಿಯಲ್ಲಿ ವರ್ಷದ ಬಹುಪಾಲು ರಾತ್ರಿಗಳಲ್ಲಿ ತೇವ ಅಷ್ಟು ಇದ್ದೇ ಇರುತ್ತದೆ. ಅಂದರೆ ಒಂದು ಹನಿ ಮಳೆ ಬೀಳದಿದ್ದರೂ ಉಪ್ಪು ಕೂತ ಜಾಗ ಒದ್ದೆಯಾಗಿಯೇ ಇರುತ್ತದೆ.

ಉಪ್ಪು ಬರೀ ಕಡಲ ಗಾಳಿಯಿಂದ ಬರುವುದಲ್ಲ. ಮಲ್ಪೆ ಬಂದರಿನಿಂದ ಹೊರಡುವ ಮೀನಿನ ಲಾರಿಗಳ ಹಿಂದೆ ಹೋಗಿದ್ದೀರಲ್ಲ? ಮಂಜುಗಡ್ಡೆ ಕರಗಿದ ಉಪ್ಪು ನೀರು ದಾರಿಯುದ್ದಕ್ಕೂ ಸೋರುತ್ತದೆ. ಬೈಕಿನವರು ಜಾರಿ ಬೀಳುವ ಭಯದಲ್ಲಿ ಅದನ್ನು ಗಮನಿಸುತ್ತಾರೆ, ಕಾರಿನವರು ಗಮನಿಸುವುದಿಲ್ಲ. ಆ ನೀರು ಮುಂದಿನ ಚಕ್ರದಿಂದ ಎರಚಿ ನೇರ ನಿಮ್ಮ ಕಾರಿನ ತಳಕ್ಕೆ ಬಡಿಯುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಗಾಳಿ ಜೋರಿದ್ದ ದಿನ ಅಲ್ಲಿ ಕಾರು ನಿಲ್ಲಿಸಿ ಫೋಟೊ ತೆಗೆದು ಬಂದವರ ಗಾಜು ಮುಟ್ಟಿ ನೋಡಿ, ಬೆರಳು ಅಂಟುತ್ತದೆ. ಗಾಜಿನ ಮೇಲೆ ಕೂತದ್ದು ತಳದಲ್ಲೂ ಕೂತಿರುತ್ತದೆ.

ಇನ್ನು ಬಾಗಿಲಿನ ವಿಷಯ. ಕಿಟಕಿ ಗಾಜಿನ ಬುಡದಲ್ಲಿ ರಬ್ಬರ್ ಬೀಡಿಂಗ್ ಇದೆ. ಅದು ನೀರನ್ನು ಪೂರ್ತಿ ತಡೆಯುವುದಿಲ್ಲ. ಎಂಥ ದುಬಾರಿ ಕಾರಿನಲ್ಲೂ ನೀರು ಬಾಗಿಲಿನ ಒಳಗೆ ಇಳಿಯುತ್ತದೆ. ಕಾರು ಮಾಡಿದವರಿಗೆ ಇದು ಗೊತ್ತು. ಅದಕ್ಕೇ ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ, ನೀರು ಹೊರಗೆ ಹೋಗಲಿ ಅಂತ. ಆ ತೂತಿಗೆ ಧೂಳು, ಎಲೆಯ ಚೂರು, ಪಾಲಿಶಿನ ಮೇಣ ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ನಮ್ಮಲ್ಲಿ ಗುಳ್ಳೆ ಎದ್ದ ಬಾಗಿಲು ಬಿಚ್ಚಿದಾಗ ಒಳಗಿನಿಂದ ಕಪ್ಪು ಕೆಸರು ಬೊಗಸೆಯಲ್ಲಿ ಬರುತ್ತದೆ. ಹೊರಗೆ ಫಳಫಳ ಹೊಳೆಯುವ ಕಾರಿನಲ್ಲೂ ಬರುತ್ತದೆ. ನಾಳೆಯೇ ಬಾಗಿಲು ತೆರೆದು ಕೆಳ ಅಂಚಿಗೆ ಬೆರಳಾಡಿಸಿ. ಮುಚ್ಚಿದ ತೂತನ್ನು ಪ್ಲಾಸ್ಟಿಕ್ ಟ್ಯಾಗ್ ಅಥವಾ ತೆಂಗಿನ ಗರಿಯ ಕಡ್ಡಿಯಿಂದ ಬಿಡಿಸಿ. ತಂತಿ, ಮೊಳೆ ಹಾಕಬೇಡಿ. ಒಳಗಿನ ಲೇಪ ಕೆರೆದು ಹೋದರೆ ತುಕ್ಕಿಗೆ ನಾವೇ ಬಾಗಿಲು ತೆಗೆದುಕೊಟ್ಟಂತೆ. ಹಾಗೆಯೇ ವೈಪರಿನ ಕೆಳಗಿನ ಜಾಲರಿಯಲ್ಲಿ ಕೂತ ಎಲೆ ತೆಗೆಯಿರಿ. ಸನ್‌ರೂಫ್ ಇದ್ದರೆ ಅದರ ಮೂಲೆಗಳಲ್ಲೂ ನೀರಿನ ದಾರಿ ಇರುತ್ತದೆ, ನೋಡಿ.

ಕವರ್ ಬೇಡ ಅಂತಲ್ಲ. ಒದ್ದೆ ಕಾರಿಗೆ ಬೇಡ. ಪ್ಲಾಸ್ಟಿಕ್ ಕವರಿನ ಒಳಗೆ ನೀರು ಆರುವುದಕ್ಕೆ ಜಾಗವೇ ಇಲ್ಲ. ಗಾಳಿಯಾಡುವ ಒಂದು ಶೆಡ್, ಸುಮ್ನೆ ನಾಲ್ಕು ಕಂಬ ಮೇಲೊಂದು ಶೀಟ್ ಆದರೂ ಸರಿ, ಅದು ಎಲ್ಲಾ ಕವರಿಗಿಂತ ಒಳ್ಳೆಯದು.

ಪುಟ್ಟಿ ಯಾಕೆ ಸಾಕಾಗುವುದಿಲ್ಲ ಅಂದರೆ, ತುಕ್ಕು ಹುಟ್ಟಿದ್ದು ಒಳಗಿನಿಂದ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಪಟ್ಟು ಹಿಗ್ಗುತ್ತದೆ, ಅದಕ್ಕೇ ಬಣ್ಣ ಗುಳ್ಳೆ ಏಳುವುದು. ಗುಳ್ಳೆಯಷ್ಟನ್ನೇ ಕೆರೆದು ಪುಟ್ಟಿ ತುಂಬಿದರೆ ಒಳಗಿನ ತುಕ್ಕು ಹಾಗೆಯೇ ಇರುತ್ತದೆ. ಪುಟ್ಟಿ ತಾನೂ ತೇವ ಹೀರುತ್ತದೆ. ಮುಂದಿನ ಮಳೆಗಾಲಕ್ಕೆ ಅದೇ ಜಾಗ, ಇನ್ನೂ ದೊಡ್ಡ ಗುಳ್ಳೆ. ಹೀಗೆ ಮಾಡಿಸಿ: ಬಾಗಿಲಿನ ಒಳ ಹೊದಿಕೆ ಬಿಚ್ಚಿಸಿ ಒಳಗಿನಿಂದ ನೋಡಲಿ. ತಗಡು ಗಟ್ಟಿ ಇದ್ದರೆ ಬಿಳಿ ಲೋಹ ಕಾಣುವ ತನಕ ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆದು, ಪುಟ್ಟಿ ಬೇಕಿದ್ದರೆ ಅದರ ಮೇಲೆ ತೆಳ್ಳಗೆ. ತಗಡು ತೂತಾಗಿದ್ದರೆ ಅಷ್ಟು ತುಂಡು ಕತ್ತರಿಸಿ ಹೊಸದು ಬೆಸೆಯಬೇಕು. ತುಕ್ಕು ತಡೆಯಲು ತಗಡಿಗೆ ಹಾಕಿದ್ದ ಸತುವಿನ ಲೇಪ ಬೆಸುಗೆಯ ಬಿಸಿಗೆ ಸುತ್ತಲೂ ಸುಟ್ಟು ಹೋಗಿರುತ್ತದೆ. ಹಾಗಾಗಿ ಬಣ್ಣ ಒಣಗಿದ ಮೇಲೆ ಬಾಗಿಲಿನ ಒಳಗಡೆ ಮೇಣದ ಸ್ಪ್ರೇ ಹೊಡೆಯಲೇಬೇಕು. ಈ ಕೊನೆಯ ಕೆಲಸವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನೀವು ಎದುರು ನಿಂತು ಮಾಡಿಸಿ.

ಪ್ರಶ್ನೆ: ಮಳೆಯಲ್ಲಿ ನಿಲ್ಲಿಸಿದ ಕಾರಿನ ಬ್ರೇಕ್ ಡಿಸ್ಕ್ ಬೆಳಗಾಗುವುದರೊಳಗೆ ಕೆಂಪಾಗಿರುತ್ತದೆ. ಬದಲಿಸಬೇಕಾ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬೇಡ. ಡಿಸ್ಕ್ ಎರಕದ ಕಬ್ಬಿಣದ್ದು, ಅದರ ಉಜ್ಜುವ ಮುಖಕ್ಕೆ ಬಣ್ಣ ಬಳಿಯುವ ಹಾಗಿಲ್ಲ. ಒಂದು ರಾತ್ರಿಯ ಕೆಂಪು ನಾಲ್ಕಾರು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಕಾರನ್ನು ವಾರಗಟ್ಟಲೆ ನಿಲ್ಲಿಸಿ ಡಿಸ್ಕಿನಲ್ಲಿ ಗುಳಿ ಬಿದ್ದು, ಬ್ರೇಕ್ ಒತ್ತಿದಾಗ ಪೆಡಲ್ ನಡುಗಿದರೆ ಮಾತ್ರ ತೋರಿಸಿ.

ಪ್ರಶ್ನೆ: ಬೆಂಗಳೂರಿನಿಂದ ಬಂದು ಇಲ್ಲಿ ನಮಗಿದು ಮೊದಲ ಚಳಿಗಾಲ. ಹೊಸ ಕಾರು ಕೊಂಡಿದ್ದೇವೆ. ರಸ್ತೆಗೆ ಉಪ್ಪು ಸುರಿಯುತ್ತಾರೆ, ಕಾರು ಐದಾರು ವರ್ಷಕ್ಕೆ ತಿಂದು ಹೋಗುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ಮನೆಗೆ ಸೇರಿದ ಬೆಚ್ಚಗಿನ ಗ್ಯಾರೇಜ್ ಇದೆ, ಅದರೊಳಗೇ ಇಡುತ್ತೇವೆ. ಇನ್ನೇನು ಮಾಡಬೇಕು?
— ಓದುಗರೊಬ್ಬರು, ಮಿಷಿಗನ್, ಅಮೆರಿಕ

ಉತ್ತರ: ಹೆದರಬೇಡಿ, ಆದರೆ ಉದಾಸೀನವೂ ಬೇಡ. ನನ್ನ ಅಕ್ಕನ ಮನೆ ಟ್ರಾಯ್ ಊರಿನಲ್ಲಿದೆ. ಒಂದು ಫೆಬ್ರವರಿಯಲ್ಲಿ ಅಲ್ಲಿದ್ದಾಗ, ಪರಿಚಯದವರ ಗ್ಯಾರೇಜಿನಲ್ಲಿ ಲಿಫ್ಟಿನ ಕೆಳಗೆ ನಿಂತು ಅಲ್ಲಿಯ ಕಾರುಗಳ ತಳ ನೋಡಿದ್ದೇನೆ. ಮೇಲೆ ಹೊಸದರಂತೆ ಕಾಣುವ ಕಾರಿನ ಸೈಲೆನ್ಸರ್ ಪೈಪು ಪದರ ಪದರವಾಗಿ ಏಳುತ್ತಿತ್ತು. ಬೋಲ್ಟಿನ ತಲೆಗಳು ಸವೆದು ದುಂಡಗಾಗಿದ್ದವು, ಸ್ಪ್ಯಾನರ್ ಕೂರುತ್ತಿರಲಿಲ್ಲ. ಮಂಗಳೂರಿನಲ್ಲಿ ತುಕ್ಕು ಬಾಗಿಲು, ಡಿಕ್ಕಿಯ ಮಡಿಕೆಗಳಿಂದ ಶುರುವಾದರೆ ಅಲ್ಲಿ ತಳದಿಂದ ಶುರುವಾಗುತ್ತದೆ.

ನಿಮ್ಮ ಊರಿಗೆ ಉಪ್ಪು ದೂರದಿಂದ ಬರಬೇಕಾಗಿಯೇ ಇಲ್ಲ. ಡೆಟ್ರಾಯಿಟ್ ನಗರದ ಅಡಿಯಲ್ಲೇ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ. ಕಾರು ತಯಾರಿಕೆಗೆ ಹೆಸರಾದ ಊರಿನ ಕಾಲಡಿಯಲ್ಲೇ ಕಾರನ್ನು ತಿನ್ನುವ ಉಪ್ಪು! ಅಮೆರಿಕದಲ್ಲಿ ಸಾಮಾನ್ಯ ಚಳಿಗಾಲದಲ್ಲಿ ರಸ್ತೆಗೆ ಬೀಳುವ ಉಪ್ಪು ಎರಡು ಕೋಟಿ ಟನ್ನಿನ ಆಸುಪಾಸು. ಹಾಗಂತ ಉಪ್ಪು ಹಾಕುವುದೇ ತಪ್ಪು ಅನ್ನಲಾರೆ. ಮಂಜುಗಟ್ಟಿದ ರಸ್ತೆಯಲ್ಲಿ ಅದು ಜೀವ ಉಳಿಸುತ್ತದೆ. ನಾವು ಕಾರನ್ನು ತೊಳೆದುಕೊಂಡರಾಯಿತು.

ನಿಮ್ಮ ಬೆಚ್ಚಗಿನ ಗ್ಯಾರೇಜಿನ ಬಗ್ಗೆ ಒಂದು ಮಾತು. ಸುಮಾರು −9 ಡಿಗ್ರಿ ಸೆಲ್ಸಿಯಸ್ ತನಕ ಮಾಮೂಲಿ ಉಪ್ಪು ಮಂಜನ್ನು ಚೆನ್ನಾಗಿ ಕರಗಿಸುತ್ತದೆ. ಅದಕ್ಕಿಂತ ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಸಿಯಂ ಕ್ಲೋರೈಡ್ ಬೆರೆಸುತ್ತಾರೆ. ಹಿಮ ಬೀಳುವ ಮೊದಲೇ ರಸ್ತೆಯ ಮೇಲೆ ಬಿಳಿ ಗೆರೆ ಎಳೆದ ಹಾಗೆ ಕಾಣುವುದು ಉಪ್ಪಿನ ದ್ರಾವಣ. ಕ್ಯಾಲ್ಸಿಯಂ, ಮೆಗ್ನೀಸಿಯಂ ಉಪ್ಪುಗಳಿಗೆ ಶೇ. 75ರ ತೇವ ಬೇಕಿಲ್ಲ. ಶೇ. 30-35 ಇದ್ದರೂ ಗಾಳಿಯಿಂದ ನೀರು ಎಳೆದುಕೊಳ್ಳುತ್ತವೆ. ಅಂದರೆ ನಿಮ್ಮ ಒಣ ಚಳಿಗಾಲದಲ್ಲೂ ಅವು ತಳದಲ್ಲಿ ಒದ್ದೆಯಾಗಿಯೇ ಅಂಟಿರುತ್ತವೆ. ಹೊರಗೆ ಕೊರೆಯುವ ಚಳಿಯಲ್ಲಿ ತುಕ್ಕಿನ ಕೆಲಸ ಬಹಳ ನಿಧಾನ. ಅದೇ ಉಪ್ಪುಕೆಸರು ಮೆತ್ತಿದ ಕಾರನ್ನು ಬೆಚ್ಚಗಿನ ಗ್ಯಾರೇಜಿಗೆ ತಂದರೆ ಮಂಜು ಕರಗಿ ಉಪ್ಪು ನೀರಾಗುತ್ತದೆ, ಬಿಸಿಗೆ ತುಕ್ಕು ಚುರುಕಾಗುತ್ತದೆ. ಹಾಗಾಗಿ ಗ್ಯಾರೇಜನ್ನು ಬಿಸಿ ಮಾಡದೆ ಇಡುವುದೇ ಕಾರಿಗೆ ಒಳ್ಳೆಯದು. ಮಕ್ಕಳನ್ನು ಕೂರಿಸಲು ಬೆಚ್ಚಗೆ ಬೇಕೇ ಬೇಕು ಅಂದರೆ, ಒಳಗೆ ತರುವ ಮೊದಲು ತಳ ತೊಳೆಸಿ ತನ್ನಿ.

ತೊಳೆಸುವುದು ಯಾವಾಗ? ಹಿಮ ಬಿದ್ದು ಉಪ್ಪು ಹಾಕಿದ ಮೇಲೆ, ಹೊರಗಿನ ಶಾಖ ಸೊನ್ನೆಗಿಂತ ಮೇಲೆ ಬಂದ ಮೊದಲ ದಿನ. ತಳಕ್ಕೆ ನೀರು ಹೊಡೆಯುವ ಸೌಲಭ್ಯ ಇರುವ ವಾಶ್ ಆರಿಸಿ. ಮೇಲಿನ ನೊರೆ, ಮೇಣದ ಪ್ಯಾಕೇಜಿಗೆ ಕೊಡುವ ದುಡ್ಡನ್ನು ಅದಕ್ಕೆ ಕೊಡಿ. ಚಕ್ರದ ಕಮಾನಿನ ಒಳಗೆ ಮೆತ್ತಿದ ಗಟ್ಟಿ ಕೆಸರನ್ನು ನೀವೇ ಒಡೆದು ತೆಗೆಯಿರಿ, ಯಂತ್ರದ ನೀರು ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ತೊಳೆದ ಮೇಲೆ ಬಾಗಿಲಿನ ರಬ್ಬರುಗಳನ್ನು ಒರೆಸಿ, ಇಲ್ಲದಿದ್ದರೆ ರಾತ್ರಿಯ ಚಳಿಗೆ ಬಾಗಿಲು ಅಂಟಿಕೊಳ್ಳುತ್ತದೆ. ಒಳಗಿನ ಮ್ಯಾಟ್ ಮರೆಯಬೇಡಿ. ಬೂಟಿನಲ್ಲಿ ಬರುವ ಉಪ್ಪುಹಿಮ ಕಾರ್ಪೆಟ್ಟಿನ ಅಡಿಗೆ ಇಳಿದರೆ ನೆಲದ ತಗಡಿಗೆ ಒಳಗಿನಿಂದ ತುಕ್ಕು. ಅಂಚು ಎತ್ತರವಿರುವ ರಬ್ಬರ್ ಮ್ಯಾಟ್ ಹಾಕಿ, ನಿಂತ ನೀರನ್ನು ಹೊರಗೆ ಚೆಲ್ಲಿ.

ಚಳಿಗಾಲ ಮುಗಿದ ಮೇಲೆ, ಏಪ್ರಿಲ್ಲಿನಲ್ಲಿ, ಒಮ್ಮೆ ಚೆನ್ನಾಗಿ ತಳ ತೊಳೆಸುವುದನ್ನು ಎಷ್ಟೋ ಜನ ಬಿಡುತ್ತಾರೆ. ಹಿಮ ಹೋಯಿತು, ಉಪ್ಪೂ ಹೋಯಿತು ಅಂದುಕೊಳ್ಳುತ್ತಾರೆ. ಉಳಿದ ಉಪ್ಪು ಬೇಸಿಗೆಯ ಬಿಸಿಗೆ ಇನ್ನೂ ಜೋರಾಗಿ ಕೆಲಸ ಮಾಡುತ್ತದೆ. ಕಾರು ಹಳೆಯದಾದಂತೆ ಬ್ರೇಕ್ ಪೈಪುಗಳನ್ನು ವರ್ಷಕ್ಕೊಮ್ಮೆ ನೋಡಿಸಿ. ಬಾಗಿಲಿಗೆ ತೂತು ಬಿದ್ದರೆ ಅಂದ ಕೆಡುತ್ತದೆ, ಬ್ರೇಕ್ ಪೈಪಿಗೆ ಬಿದ್ದರೆ ಜೀವಕ್ಕೆ ಅಪಾಯ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆಯೇ 2015ರಲ್ಲಿ ಉಪ್ಪು ಹಾಕುವ ರಾಜ್ಯಗಳ ಜನರಿಗೆ ತಳ ತೊಳೆಯಿರಿ, ಬ್ರೇಕ್ ಪೈಪ್ ನೋಡಿಸಿ ಅಂತ ಎಚ್ಚರಿಕೆ ಕೊಟ್ಟಿತ್ತು.

ಪ್ರಶ್ನೆ: ಹೊಸ ಕಾರಿನ ಜೊತೆ ಬ್ಯಾಟರಿಗೆ ಜೋಡಿಸುವ ಎಲೆಕ್ಟ್ರಾನಿಕ್ ತುಕ್ಕು ನಿರೋಧಕ ಪೆಟ್ಟಿಗೆ ಮಾರುತ್ತಿದ್ದಾರೆ. ಇನ್ನೊಬ್ಬರು ವರ್ಷಕ್ಕೊಮ್ಮೆ ಎಣ್ಣೆ ಸ್ಪ್ರೇ ಮಾಡಿಸಿ ಅನ್ನುತ್ತಾರೆ. ಯಾವುದು?
— ಓದುಗರೊಬ್ಬರು, ಒಂಟಾರಿಯೊ, ಕೆನಡಾ

ಉತ್ತರ: ಎಣ್ಣೆ ಸ್ಪ್ರೇ. ಆ ಪೆಟ್ಟಿಗೆಗೆ ದುಡ್ಡು ಕೊಡಬೇಡಿ. ಹಡಗಿನ ತಳಕ್ಕೆ, ನೆಲದಲ್ಲಿ ಹೂತ ಪೈಪಿಗೆ ವಿದ್ಯುತ್ತಿನಿಂದ ತುಕ್ಕು ತಡೆಯುವುದು ನಿಜ. ಅಲ್ಲಿ ಸುತ್ತಲೂ ನೀರು ಅಥವಾ ಒದ್ದೆ ಮಣ್ಣು ಇರುತ್ತದೆ, ವಿದ್ಯುತ್ತು ಹರಿದು ಸುತ್ತು ಪೂರ್ತಿಯಾಗುತ್ತದೆ. ಕಾರು ಓಡುವುದು ಗಾಳಿಯಲ್ಲಿ. ಅಲ್ಲೊಂದು ಇಲ್ಲೊಂದು ಹನಿ ಇದ್ದರೆ ಆ ಸುತ್ತು ಆಗುವುದಿಲ್ಲ. ಇಂಥ ಒಂದು ಸಾಧನದ ಜಾಹೀರಾತಿನ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1990ರ ದಶಕದಲ್ಲೇ ಕ್ರಮ ತೆಗೆದುಕೊಂಡಿತ್ತು. ಎಣ್ಣೆಯೋ ಮೇಣವೋ ಕಾರಿನ ಮಡಿಕೆಯೊಳಗೆ ತೆವಳಿ ಹೋಗಿ ನೀರನ್ನು ಆಚೆ ಇಡುತ್ತದೆ. ಅದು ತೊಳೆದು ಹೋಗುತ್ತದೆ, ಹಾಗಾಗಿ ಪ್ರತಿ ಚಳಿಗಾಲದ ಮೊದಲು ಮತ್ತೆ ಹೊಡೆಸಬೇಕು. ಒಣಗಿದ ಶುಚಿಯಾದ ತಳಕ್ಕೇ ಹೊಡೆಸಿ.

ಪ್ರಶ್ನೆ: ನಮ್ಮ ತೋಟದ ಜೀಪಿಗೆ ಮಳೆಗಾಲದ ಮೊದಲು ಎಂಜಿನ್ನಿನ ವೇಸ್ಟ್ ಆಯಿಲ್‌ಗೆ ಡೀಸೆಲ್ ಬೆರೆಸಿ ತಳಕ್ಕೆ ಹೊಡೆಸುತ್ತೇವೆ. ಅಪ್ಪನ ಕಾಲದಿಂದ ನಡೆದು ಬಂದದ್ದು. ಚಾಸಿಗೆ ಇನ್ನೂ ತುಕ್ಕಿಲ್ಲ. ಈಗ ಮಗ ಬೇಡ ಅನ್ನುತ್ತಾನೆ. ಯಾರು ಸರಿ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ತುಕ್ಕಿನ ಮಟ್ಟಿಗೆ ನಿಮ್ಮ ತಂದೆಯವರ ಲೆಕ್ಕ ಸರಿಯಿತ್ತು. ಎಣ್ಣೆಯ ಪದರ ನೀರನ್ನು ತಡೆಯುತ್ತದೆ, ಜೀಪಿನ ಚಾಸಿ ಉಳಿದದ್ದು ಅದರಿಂದಲೇ. ಆದರೂ ನಾನು ಮಗನ ಕಡೆ. ಎಂಜಿನ್ನಿನಲ್ಲಿ ಸುಟ್ಟ ಎಣ್ಣೆಯಲ್ಲಿ ಆಮ್ಲ ಇರುತ್ತದೆ, ಲೋಹದ ಪುಡಿ ಇರುತ್ತದೆ, ಚರ್ಮಕ್ಕೆ ಕೆಡುಕು ಮಾಡುವ, ಕ್ಯಾನ್ಸರ್ ತರಬಲ್ಲ ವಸ್ತುಗಳೂ ಇರುತ್ತವೆ. ಹೊಡೆಯುವ ಹುಡುಗ ಅದನ್ನೇ ಉಸಿರಾಡುತ್ತಾನೆ. ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗುತ್ತವೆ. ಮೊದಲ ಮಳೆಗೇ ಅರ್ಧ ಎಣ್ಣೆ ತೋಟಕ್ಕೆ, ಹಳ್ಳಕ್ಕೆ ಇಳಿಯುತ್ತದೆ. ಮೂಡಿಗೆರೆಯ ಹಳ್ಳದ ನೀರು ಮುಂದೆ ಎಷ್ಟು ಊರಿನವರು ಕುಡಿಯುತ್ತಾರೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಅದರ ಬದಲು ಮೇಣದ ಅಥವಾ ಲ್ಯಾನೊಲಿನ್ ಸ್ಪ್ರೇ ತನ್ನಿ. ಲ್ಯಾನೊಲಿನ್ ಅಂದರೆ ಕುರಿಯ ಉಣ್ಣೆಯಲ್ಲಿರುವ ಜಿಡ್ಡು. ಕುರಿಯ ಮೈಮೇಲಿನ ಉಣ್ಣೆ ಮಳೆಗೆ ಬೇಗ ತೊಯ್ಯದಿರುವುದಕ್ಕೆ ಕಾರಣ ಅದೇ. ಅದು ಕಬ್ಬಿಣಕ್ಕೂ ಚೆನ್ನಾಗಿ ಅಂಟುತ್ತದೆ. ಬೆಲೆ ಜಾಸ್ತಿ, ನಿಜ. ಇಡೀ ತಳಕ್ಕೆ ಬೇಡ, ಚಾಸಿಯ ಒಳಭಾಗ, ಬೆಸುಗೆಯ ಗೆರೆಗಳು, ಬ್ರೇಕ್ ಪೈಪ್ ಹಿಡಿದಿಟ್ಟ ಕ್ಲಿಪ್ಪುಗಳ ಜಾಗ, ಇಷ್ಟಕ್ಕೆ ಹೊಡೆದರೂ ಸಾಕು. ಬ್ರೇಕ್ ಡಿಸ್ಕ್, ಡ್ರಮ್, ಬಿಸಿಯಾಗುವ ಸೈಲೆನ್ಸರ್ ಮೇಲೆ ಯಾವ ಎಣ್ಣೆಯೂ ಬೀಳಬಾರದು.

ಹೊಡೆಯುವ ಮೊದಲು ಚಾಸಿಯೊಳಗಿನ ಕೆಸರು ತೆಗೆಸುವುದು ಮುಖ್ಯ. ಮಲೆನಾಡಿನ ಜೇಡಿ ಕೆಸರು ಮಡ್‌ಗಾರ್ಡಿನ ಮೂಲೆಯಲ್ಲಿ ಕೂತರೆ ಜೂನ್‌ನಿಂದ ದೀಪಾವಳಿ ತನಕ ಆರುವುದಿಲ್ಲ. ಅದರ ಮೇಲೆ ಬಳಿದ ಎಣ್ಣೆಯಾಗಲಿ, ಕಪ್ಪು ರಬ್ಬರ್ ಕೋಟಿಂಗ್ ಆಗಲಿ ತೇವವನ್ನು ಒಳಗೇ ಕೂಡಿಹಾಕುತ್ತದೆ. ರಬ್ಬರ್ ಕೋಟಿಂಗ್ ಬಿರುಕು ಬಿಟ್ಟರಂತೂ ನೀರು ಬಿರುಕಿನಿಂದ ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಹೊರಗಿನಿಂದ ಗಟ್ಟಿಯಾಗಿ ಕಪ್ಪಗೆ ಕಾಣುವ ಪದರವನ್ನು ಸ್ಕ್ರೂಡ್ರೈವರಿನಿಂದ ಕುಟ್ಟಿದಾಗ ತಗಡು ಸಮೇತ ಉದುರಿದ್ದನ್ನು ನಮ್ಮ ಗ್ಯಾರೇಜಿನಲ್ಲಿ ಬಹಳ ಸಲ ಕಂಡಿದ್ದೇನೆ.

ಪ್ರಶ್ನೆ: ನಮ್ಮೂರಲ್ಲಿ ಅದಿರಿನ ಲಾರಿಗಳ ಕೆಂಪು ದೂಳು. ಬಿಳಿ ಕಾರು ದಿನವೂ ಕೆಂಪು. ಈ ದೂಳು ತುಕ್ಕು ಹಿಡಿಸುತ್ತದೆಯೇ? ಕಾರಿನ ಮೇಲೆ ಕಿತ್ತಳೆ ಬಣ್ಣದ ಸಣ್ಣ ಚುಕ್ಕೆಗಳೂ ಬಂದಿವೆ.
— ಓದುಗರೊಬ್ಬರು, ಸಂಡೂರು

ಉತ್ತರ: ಸಂಡೂರಿನ ಅದಿರು ಹೆಮಟೈಟ್, ಅಂದರೆ ಕಬ್ಬಿಣ ಈಗಾಗಲೇ ಆಮ್ಲಜನಕದ ಜೊತೆ ಸೇರಿ ಕೂತ ರೂಪ. ಅದು ಇನ್ನು ತುಕ್ಕು ಹಿಡಿಯುವುದಿಲ್ಲ, ಪಕ್ಕದ ತಗಡಿಗೆ ಅಂಟುರೋಗದ ಹಾಗೆ ಹಬ್ಬಿಸುವುದೂ ಇಲ್ಲ. ಅದರ ತೊಂದರೆ ಬೇರೆ. ಹೆಮಟೈಟ್ ಬಹಳ ಗಟ್ಟಿ, ಕಾರಿನ ಮೇಲ್ಪದರದ ಪಾರದರ್ಶಕ ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಬೆಳಿಗ್ಗೆ ಒಣಬಟ್ಟೆಯಲ್ಲಿ ಒರೆಸಿದರೆ ಬಣ್ಣದ ಮೇಲೆ ಉಜ್ಜುಕಾಗದ ಆಡಿಸಿದಂತೆಯೇ. ಬಣ್ಣದ ಎಲ್ಲಾ ಪದರ ಸೇರಿಸಿದರೂ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನಷ್ಟು. ಎಷ್ಟು ವರ್ಷ ತಡೆದೀತು? ಮೊದಲು ನೀರು ಸುರಿದು ದೂಳು ಇಳಿಸಿ, ಆಮೇಲಷ್ಟೇ ಬಟ್ಟೆ ಮುಟ್ಟಿಸಿ. ನೀರಿಲ್ಲದ ದಿನ ದೂಳು ಹಾಗೆಯೇ ಇರಲಿ, ಒರೆಸಬೇಡಿ. ಗಾಜನ್ನಷ್ಟೇ ನೀರು ಹಾಕಿ ಒರೆಸಿಕೊಂಡು ಹೋಗಿ.

ಆ ಕಿತ್ತಳೆ ಚುಕ್ಕೆಗಳು ಅದಿರಲ್ಲ. ಬ್ರೇಕ್ ಸವೆದು ಹಾರುವ, ಕಬ್ಬಿಣ ಕತ್ತರಿಸುವಾಗ, ರೈಲು ಹಳಿ ಉಜ್ಜುವಾಗ ಹಾರುವ ಲೋಹದ ಕಣಗಳು ಬಣ್ಣಕ್ಕೆ ನೆಟ್ಟು ತುಕ್ಕು ಹಿಡಿದಿವೆ. ತೊಳೆದ ಕಾರಿನ ಮೇಲೆ, ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿ. ತರಿತರಿ ಅನಿಸಿದರೆ ಅವೇ. ಇದಕ್ಕಾಗಿಯೇ ಸಿಗುವ ದ್ರವ ಹಚ್ಚಿದರೆ ಕಬ್ಬಿಣ ಇದ್ದಲ್ಲಿ ನೇರಳೆ ಬಣ್ಣಕ್ಕೆ ತಿರುಗಿ ಕರಗುತ್ತದೆ. ನೆರಳಿನಲ್ಲಿ ಹಚ್ಚಿ, ಒಣಗಲು ಬಿಡದೆ ತೊಳೆಯಿರಿ.

ಪ್ರಶ್ನೆ: ನಾವು ಅಪಾರ್ಟ್‌ಮೆಂಟಿನಲ್ಲಿದ್ದೇವೆ. ಕಾರು ತೊಳೆಯಲು ನೀರಿಲ್ಲ. ಆರ್‌ಒ ಯಂತ್ರದ ವೇಸ್ಟ್ ನೀರು ಬಳಸುತ್ತೇವೆ. ಸೆರಾಮಿಕ್ ಕೋಟಿಂಗ್ ಮಾಡಿಸಿದರೆ ತೊಳೆಯುವುದೂ ಕಮ್ಮಿ, ತುಕ್ಕೂ ಬರಲ್ಲ ಅಂತಾರೆ.
— ಓದುಗರೊಬ್ಬರು, ಬೆಂಗಳೂರು

ಉತ್ತರ: ಸೆರಾಮಿಕ್ ಕೋಟಿಂಗ್ ಬಣ್ಣದ ಹೊಳಪು ಕಾಯುತ್ತದೆ, ಕೊಳೆ ಬೇಗ ಜಾರುತ್ತದೆ. ಅದು ಇಷ್ಟವಾದರೆ ಮಾಡಿಸಿ. ತುಕ್ಕು ಶುರುವಾಗುವ ತಳಕ್ಕೆ, ಬಾಗಿಲಿನ ಒಳಮಡಿಕೆಗೆ ಅದು ಹೋಗುವುದೇ ಇಲ್ಲ.

ನೀರು ಉಳಿಸುವ ನಿಮ್ಮ ಕಾಳಜಿ ದೊಡ್ಡದು. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದಿದ್ದು ನೆನಪಿದೆಯಲ್ಲ. ಆದರೆ ಆರ್‌ಒ ಬಿಡುವ ನೀರಿನಲ್ಲಿ ಬೋರ್‌ವೆಲ್ಲಿನ ಉಪ್ಪುಗಳು ಇನ್ನೂ ದಟ್ಟವಾಗಿರುತ್ತವೆ. ಕೆಸರು ಇಳಿಸಲು, ಚಕ್ರ ತೊಳೆಯಲು ಅದು ಆದೀತು. ಮೈಮೇಲೆ ಒಣಗಲು ಬಿಡಬೇಡಿ, ಬಿಳಿ ಕಲೆ ಕೂರುತ್ತದೆ. ಕೊನೆಗೆ ಅರ್ಧ ಬಕೆಟ್ ಮಳೆನೀರಲ್ಲಿ ಬಟ್ಟೆ ಹಿಂಡಿ ಒರೆಸಿ. ಟೆರೇಸಿನ ಮಳೆನೀರು ಹಿಡಿದಿಡುವ ವ್ಯವಸ್ಥೆ ನಿಮ್ಮಲ್ಲಿದ್ದರೆ ಕಾರಿಗೆ ಅದಕ್ಕಿಂತ ಒಳ್ಳೆಯ ನೀರಿಲ್ಲ, ಉಪ್ಪೇ ಇರುವುದಿಲ್ಲ.

ಪ್ರಶ್ನೆ: ಕೊಡಚಾದ್ರಿಯಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಮುಂದಿನ ಕಬ್ಬಿಣದ ಕಂಬ ಅಷ್ಟು ಮಳೆಯಲ್ಲೂ ನಿಂತಿದೆ. ನಮ್ಮ ಕಾರು ಯಾಕೆ ನಿಲ್ಲುವುದಿಲ್ಲ?
— ವಿದ್ಯಾರ್ಥಿಯೊಬ್ಬರು, ಬೈಂದೂರು

ಉತ್ತರ: ಬಹಳ ಒಳ್ಳೆಯ ಪ್ರಶ್ನೆ. ಆ ಕಂಬವನ್ನು ಲೋಹತಜ್ಞರೂ ಪರೀಕ್ಷಿಸಿದ್ದಾರೆ. ಕಾಸಿ ಬಡಿದು ಮಾಡಿದ ಹಳೆಯ ಕಬ್ಬಿಣ ಅದು. ದೆಹಲಿಯ ಪ್ರಸಿದ್ಧ ಕಂಬದ ಕಬ್ಬಿಣದಲ್ಲಿ ರಂಜಕದ ಪ್ರಮಾಣ ಜಾಸ್ತಿ, ಅದರಿಂದ ಮೇಲೊಂದು ಗಟ್ಟಿಯಾದ ತೆಳು ಪದರ ಕಟ್ಟಿ ತುಕ್ಕು ಒಳಗೆ ಇಳಿಯುವುದಿಲ್ಲ ಎಂದು ತಜ್ಞರು ಹೇಳುತ್ತಾರೆ. ಟಿಂಕರ್ ಕಣ್ಣಿನಿಂದ ನೋಡಿದರೆ ಇನ್ನೂ ಎರಡು ಕಾರಣ ಕಾಣುತ್ತವೆ. ನೆಟ್ಟಗೆ ನಿಂತ ಕಂಬದ ಮೇಲೆ ನೀರು ನಿಲ್ಲುವುದಿಲ್ಲ, ಮಳೆ ಬಿಟ್ಟರೆ ಗಾಳಿಗೆ ಆರುತ್ತದೆ. ಅದಕ್ಕೆ ಮಡಿಕೆ, ಸಂದು ಇಲ್ಲ. ಮತ್ತೆ, ಕಂಬ ಗಟ್ಟಿ ಕಬ್ಬಿಣ, ಕಾರಿನ ತಗಡು ಬರೀ 0.7 ಮಿಲಿಮೀಟರ್ ಆಸುಪಾಸು. ಕಂಬದಲ್ಲಿ ಅರ್ಧ ಮಿಲಿಮೀಟರ್ ತುಕ್ಕು ತಿಂದರೆ ಯಾರಿಗೂ ಗೊತ್ತಾಗುವುದಿಲ್ಲ. ಕಾರಿನಲ್ಲಿ ಅಷ್ಟು ತಿಂದರೆ ಬೆರಳು ಒತ್ತಿದಲ್ಲಿ ತೂತು. ಅದಕ್ಕೇ ತಗಡಿಗೆ ಸತುವು ಲೇಪಿಸುತ್ತಾರೆ. ಗೀರು ಬಿದ್ದರೂ ಮೊದಲು ಸತುವು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ಪ್ರಶ್ನೆ: ಏಳು ವರ್ಷದ ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೇನೆ. ಕಡಲ ಬದಿಯಲ್ಲೇ ಓಡಿದ್ದು. ಎಂಜಿನ್ ಚೆನ್ನಾಗಿದೆ, ಬೆಲೆ ಕಮ್ಮಿ. ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಮಾಡಿಸಿದ್ದಾರೆ. ಟಯರ್ ಬದಲಿಸಲು ಜಾಕ್ ಇಟ್ಟಾಗ ಆ ಜಾಗ ಸ್ವಲ್ಪ ಒಳಗೆ ಕುಸಿಯಿತು. ಇದು ಸಾಮಾನ್ಯವೇ? ಶಾಲೆಗೆ ದಿನಾ 40 ಕಿಲೋಮೀಟರ್ ಹೆದ್ದಾರಿಯಲ್ಲಿ ಹೋಗಿ ಬರಬೇಕು.
— ಶಿಕ್ಷಕಿಯೊಬ್ಬರು, ಕುಮಟಾ

ಉತ್ತರ: ಮೇಡಂ, ಸಾಮಾನ್ಯ ಅಲ್ಲ. ಜಾಕ್ ಇಡುವ ಜಾಗ ಕಾರಿನಲ್ಲೇ ಗಟ್ಟಿಯಾದ ಜಾಗಗಳಲ್ಲೊಂದು, ಇಡೀ ಕಾರಿನ ಒಂದು ಮೂಲೆಯ ಭಾರ ಹೊರಬೇಕಾದ್ದು. ಅದು ಕುಸಿಯಿತು ಅಂದರೆ ಬಾಗಿಲಿನ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ಭಾಗ ಒಳಗಿನಿಂದ ತಿಂದು ಹೋಗಿದೆ. ಬದಿಯಿಂದ ಡಿಕ್ಕಿ ಹೊಡೆದರೆ ನಿಮ್ಮನ್ನು ಕಾಯುವ ಭಾಗಗಳಲ್ಲಿ ಅದೂ ಒಂದು. ಹೊಸ ಕಪ್ಪು ಕೋಟಿಂಗ್ ಮಾರುವ ಮೊದಲು ಮಾಡಿಸಿದ್ದು ಅಂದರೆ ನಾನು ಮೊದಲು ಅದನ್ನೇ ಅನುಮಾನಿಸುತ್ತೇನೆ.

ಬೇರೆ ಕಾರು ನೋಡುವಾಗ ಹೀಗೆ ಮಾಡಿ. ಮನೆಯಲ್ಲಿರುವ ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಭಾಗ, ಚಕ್ರದ ಮೇಲಿನ ಕಮಾನಿನ ಮೇಲೆ ಆಡಿಸಿ. ಬೇರೆ ಕಡೆ ಗಟ್ಟಿ ಹಿಡಿದು ಅಲ್ಲಿ ಸಡಿಲವಾದರೆ ಪುಟ್ಟಿ ತುಂಬಿದ್ದಾರೆ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಹೊರಗೆ ತೆಗೆದು ಅದರ ಗುಂಡಿ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆ ಎಳೆಯಿರಿ. ಕೊನೆಯ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಕಾರು ನೆರೆ ನೀರಿನಲ್ಲಿ ನಿಂತಿತ್ತು. ಸೀಟಿನ ಅಡಿಯ ಬೋಲ್ಟುಗಳು ಕೆಂಪಾಗಿದ್ದರೂ ಅದೇ ಅನುಮಾನ. ಆಮೇಲೆ ಐವತ್ತೋ ನೂರೋ ಕೊಟ್ಟು ಯಾವುದಾದರೂ ಸರ್ವೀಸ್ ಸ್ಟೇಷನ್ನಿನಲ್ಲಿ ಲಿಫ್ಟಿಗೆ ಏರಿಸಿ, ನೀವೇ ಕೆಳಗೆ ನಿಂತು ಬ್ರೇಕ್ ಪೈಪ್ ನೋಡಿ. ಮಾರುವವರು ಲಿಫ್ಟಿಗೆ ಏರಿಸಲು ಒಪ್ಪದಿದ್ದರೆ ಅಲ್ಲಿಗೆ ಬಿಡಿ.

ನೀವು ನೋಡಿದ ಈ ಕಾರು ಬೇಡ. ಬೆಲೆ ಇನ್ನೂ ಇಳಿಸಿದರೂ ಬೇಡ. ಮತ್ತೆ ಆ ಮಾಲೀಕರಿಗೂ ಜಾಕ್ ಕುಸಿದ ಜಾಗವನ್ನು ತೋರಿಸಿ ಹೇಳಿ, ಅವರಿಗೇ ಗೊತ್ತಿಲ್ಲದೆ ಇರಬಹುದು. ಆ ಕಾರಿನಲ್ಲಿ ಅವರ ಮನೆಯವರೂ ಓಡಾಡುತ್ತಾರಲ್ಲ.